ಗೋಡೆಗೆ ಅಂಟಿಸಿದ ಪ್ರಕಟಣೆಯನ್ನು ಜನ ನಿಂತು ಓದಬೇಕಾದರೆ ಅಕ್ಷರಗಳನ್ನು ಹೇಗೆ ಜೋಡಿಸಬೇಕು?

ಪ್ರಶ್ನೆ: ಡೇರಿ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ನಾನು ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದೇನೆ. ಹಾಲು ಅಳೆಯುವುದು, ಲೆಕ್ಕ ಬರೆಯುವುದು, ಬಟವಾಡೆ ಮಾಡುವುದು ನನ್ನ ಕೆಲಸ. ಸಂಘದಲ್ಲಿ ಕಂಪ್ಯೂಟರ್ ಮುಟ್ಟುವವನು ನಾನೊಬ್ಬನೇ ಆದ್ದರಿಂದ ಸದಸ್ಯರಿಗೆ ತಿಳಿಸಬೇಕಾದ ಪ್ರಕಟಣೆಗಳನ್ನು ಟೈಪ್ ಮಾಡಿ, ಮುದ್ರಿಸಿ, ಗೋಡೆಗೆ ಅಂಟಿಸುವುದೂ ನನ್ನ ಪಾಲಿಗೇ ಬಂದಿದೆ.

ಕಳೆದ ಬಾರಿ ಕಾಲುಬಾಯಿ ಜ್ವರದ ಲಸಿಕೆ ಹಾಕಿಸುವ ದಿನದ ಬಗ್ಗೆ ಒಂದು ಎ4 ಹಾಳೆಯನ್ನು ಹಾಲು ಹಾಕುವ ಕಿಟಕಿಯ ಪಕ್ಕದಲ್ಲೇ ಅಂಟಿಸಿದ್ದೆ. ಐದು ದಿನ ಅದು ಅಲ್ಲೇ ಇತ್ತು. ದಿನಕ್ಕೆ ಎರಡು ಹೊತ್ತು ಸದಸ್ಯರೆಲ್ಲರೂ ಕ್ಯಾನು ಹಿಡಿದು ಅದರ ಮುಂದೆಯೇ ಸಾಲು ನಿಲ್ಲುತ್ತಾರೆ. ಆದರೂ ಲಸಿಕೆ ಯಾವತ್ತು, ಎಷ್ಟು ಹೊತ್ತಿಗೆ, ಕರುಗಳನ್ನೂ ತರಬೇಕೇ ಎಂದು ಹಾಳೆಗೆ ಬೆನ್ನು ಹಾಕಿ ನಿಂತು ನನ್ನನ್ನೇ ಕೇಳಿದವರು ಹೆಚ್ಚು. ಆ ದಿನ ಪಶುವೈದ್ಯರು ಸಾಮಾನು ಕಟ್ಟಿಕೊಂಡು ಹೊರಟ ಮೇಲೆ ರಾಸು ಹೊಡೆದುಕೊಂಡು ಬಂದವರೂ ಇದ್ದರು. ಗೋಡೆಯ ಮೇಲೆ ಹಾಕಿದ್ದೆನಲ್ಲ ಎಂದು ಕೇಳಿದರೆ, "ಅದೇನೋ ಲೆಕ್ಕದ ಕಾಗದ ಅಂದುಕೊಂಡೆ" ಎಂದು ಒಬ್ಬ ಹಿರಿಯರು ಹೇಳಿದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಆ ಹಾಳೆ ಅವರಿಗೆ ನಿಜವಾಗಿಯೂ ಹಾಗೆಯೇ ಕಂಡಿತ್ತು.

ಹಾಳೆ ಹೀಗಿತ್ತು. ಮೇಲ್ಗಡೆ ಸಂಘದ ಹೆಸರು, ನೋಂದಣಿ ಸಂಖ್ಯೆ, ವಿಳಾಸ. ನಡುವೆ ದೊಡ್ಡ ಅಕ್ಷರದಲ್ಲಿ "ಪ್ರಕಟಣೆ" ಎಂದು ಬರೆದು ಅಡಿಗೆರೆ ಎಳೆದಿದ್ದೆ. ಅದರ ಕೆಳಗೆ "ಈ ಮೂಲಕ ಸಂಘದ ಎಲ್ಲಾ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ" ಎಂದು ಆರಂಭವಾಗಿ "ಲಸಿಕೆ ಹಾಕಿಸಿಕೊಳ್ಳತಕ್ಕದ್ದು" ಎಂದು ಮುಗಿಯುವ ಹನ್ನೊಂದು ಸಾಲಿನ ಒಂದೇ ವಾಕ್ಯ. ಅಕ್ಷರ 12 ಪಾಯಿಂಟ್, ಪೂರ್ತಿ ದಪ್ಪ, ಎರಡೂ ಅಂಚಿಗೆ ಸಮ ಮಾಡಿದ್ದು. ದಿನಾಂಕ ಕೆಂಪು, ಸ್ಥಳ ಹಸಿರು, "ಕಡ್ಡಾಯ" ಎಂಬ ಪದಕ್ಕೆ ಜೋಡಿ ಅಡಿಗೆರೆ, ಸುತ್ತಲೂ ಹೂಬಳ್ಳಿಯ ಚೌಕಟ್ಟು. ಇಷ್ಟೆಲ್ಲ ಮಾಡಿದ್ದು ಗಮನ ಸೆಳೆಯಲಿ ಎಂದೇ.

ಈಗ ಮತ್ತೆ ಲಸಿಕೆಯ ಸರದಿ ಬರುತ್ತಿದೆ. ಇಂಗ್ಲಿಷಿನಲ್ಲಿ ಸಿಗುವ ಸಲಹೆಗಳನ್ನು ಓದಿ ನೋಡಿದೆ. ಕ್ಯಾಪಿಟಲ್ ಅಕ್ಷರ ಬಳಸಿ, ಇಟಾಲಿಕ್ ಬಳಸಿ ಎಂದೆಲ್ಲ ಹೇಳುತ್ತಾರೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಹೊಸ ಫಾಂಟ್ ಹಾಕಬೇಕೇ, ಫ್ಲೆಕ್ಸ್ ಮಾಡಿಸಬೇಕೇ, ಅಥವಾ ನಾನು ಬೇರೆಲ್ಲೋ ತಪ್ಪುತ್ತಿದ್ದೇನೆಯೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ 1: ಮೊಳೆ ಜೋಡಿಸಿದವ

ಕಾರ್ಯದರ್ಶಿಗಳೇ, ನಾನು ತಾಲ್ಲೂಕು ಕೇಂದ್ರದ ಒಂದು ಮುದ್ರಣಾಲಯದಲ್ಲಿ ಹದಿನೆಂಟು ವರ್ಷ ಅಚ್ಚುಮೊಳೆ ಜೋಡಿಸಿ, ಆಮೇಲೆ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದನ್ನು ಕಲಿತು ನಿವೃತ್ತನಾದವನು. ನಿಮ್ಮ ಹಾಳೆಯನ್ನು ಕಣ್ಣಿಗೆ ಕಟ್ಟುವಂತೆ ವಿವರಿಸಿದ್ದೀರಿ, ಆದ್ದರಿಂದ ನೇರವಾಗಿ ಹೇಳುತ್ತೇನೆ: ಆ ಹಾಳೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ನಿಂತ ಪದ "ಪ್ರಕಟಣೆ". ಗೋಡೆಗೆ ಅಂಟಿಸಿದ ಕಾಗದ ಪ್ರಕಟಣೆಯೆಂದು ಯಾರಿಗೂ ಹೇಳಬೇಕಾಗಿಲ್ಲ. ಸದಸ್ಯರ ಕಣ್ಣು ಮೊದಲು ಅಲ್ಲಿಗೆ ಹೋಗಿ, ಏನೂ ಸಿಗದೆ ವಾಪಸು ಬಂದಿದೆ. ಆ ಹಿರಿಯರು ಲೆಕ್ಕದ ಕಾಗದ ಎಂದುಕೊಂಡದ್ದು ಸಹಜ. ನೋಂದಣಿ ಸಂಖ್ಯೆಯಿಂದ ಶುರುವಾಗಿ ಕಪ್ಪಗೆ ಒತ್ತೊತ್ತಾಗಿ ಕಾಣುವ ಹಾಳೆ ಲೆಕ್ಕದ ಕಾಗದವೇ ಆಗಿರುತ್ತದೆ ಎಂಬುದು ಅವರ ಜೀವಮಾನದ ಅನುಭವ. ಮಾತು ಏನು ಹೇಳುತ್ತಿದೆ ಎಂದು ತಿಳಿಯುವ ಮೊದಲೇ ಹಾಳೆಯ ರೂಪ ತನ್ನ ಮಾತನ್ನು ಹೇಳಿ ಮುಗಿಸಿರುತ್ತದೆ.

ಇನ್ನು ಅಡಿಗೆರೆಯ ವಿಚಾರ. ಇಂಗ್ಲಿಷ್ ಅಕ್ಷರಗಳಲ್ಲಿ ಕೆಲವಕ್ಕೆ ಮಾತ್ರ ಗೆರೆಯಿಂದ ಕೆಳಕ್ಕೆ ಇಳಿಯುವ ಬಾಲವಿರುತ್ತದೆ. ನಮ್ಮಲ್ಲಿ ಒತ್ತಕ್ಷರಗಳು ಬಹುಪಾಲು ಕೆಳಗೇ ಕೂರುತ್ತವೆ. "ಕಡ್ಡಾಯ" ಎಂಬ ಪದವನ್ನು ದೊಡ್ಡದಾಗಿ ಟೈಪ್ ಮಾಡಿ ಅಡಿಗೆರೆ ಎಳೆದು ನೋಡಿ. ಆ ಗೆರೆ ಕೆಳಗಿನ ಡಕಾರದ ಒತ್ತನ್ನು ಸೀಳಿಕೊಂಡು ಹೋಗಿರುತ್ತದೆ. ಜೋಡಿ ಗೆರೆಯಾದರಂತೂ ಒತ್ತು ಕಾಣುವುದೇ ಇಲ್ಲ, ಯಾರೋ ಆ ಪದವನ್ನು ಹೊಡೆದುಹಾಕಿದಂತೆ ಕಾಣುತ್ತದೆ. ಕಡ್ಡಾಯವೆಂದು ಒತ್ತು ಕೊಡಲು ಹೋಗಿ ಇದ್ದ ಒತ್ತನ್ನೂ ಅಳಿಸಿದಂತಾಯಿತು.

ಸಾಲುಗಳ ನಡುವಿನ ಅಂತರವೂ ಇದೇ ಕಾರಣದಿಂದ ಮುಖ್ಯವಾಗುತ್ತದೆ. ನಾವು ಮೊಳೆ ಜೋಡಿಸುವಾಗ ಎರಡು ಸಾಲಿನ ನಡುವೆ ಸೀಸದ ತೆಳು ಪಟ್ಟಿಗಳನ್ನು ಇಡುತ್ತಿದ್ದೆವು. ಅದಕ್ಕೆ ಲೆಡ್ಡು ಎನ್ನುತ್ತಿದ್ದೆವು. ಜಾಗ ಉಳಿಸಲು ಲೆಡ್ಡು ತೆಗೆಯಿರಿ ಎಂದು ಮಾಲೀಕರು ಹೇಳಿದಾಗಲೆಲ್ಲ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ, "ಶಾಸ್ತ್ರ", "ರಾಷ್ಟ್ರ" ಮುಂತಾದ ಎರಡೆರಡು ಒತ್ತಿನ ಪದಗಳು ಕೆಳಗಿನವನ ತಲೆಯ ಮೇಲೆ ಕಾಲಿಟ್ಟಂತೆ ಕಾಣುತ್ತಿದ್ದವು. ಇಂಗ್ಲಿಷಿಗೆ 12 ಪಾಯಿಂಟ್ ಅಕ್ಷರಕ್ಕೆ 14 ಅಥವಾ 15 ಪಾಯಿಂಟ್ ಸಾಲು ಸಾಕಾಗಬಹುದು. ಕನ್ನಡಕ್ಕೆ 18ಕ್ಕಿಂತ ಕಡಿಮೆ ಕೊಡಲು ನನ್ನ ಕೈ ಇಂದಿಗೂ ಏಳುವುದಿಲ್ಲ. 1843ರಲ್ಲಿ ಮಂಗಳೂರಿನಲ್ಲಿ ಹೊರಟ ನಮ್ಮ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" ಮೊಳೆಯಲ್ಲಿ ಅಲ್ಲ, ಕಲ್ಲಚ್ಚಿನಲ್ಲಿ ಮುದ್ರಣವಾಯಿತು ಎಂಬುದನ್ನು ಇಲ್ಲಿ ನೆನೆಯಬಹುದು. ಕೈಯಿಂದ ಬರೆದದ್ದನ್ನು ಕಲ್ಲಿನಿಂದ ಅಚ್ಚೊತ್ತುವಾಗ ಬರೆಯುವವನ ಕೈಯೇ ಒತ್ತಿಗೆ ಬೇಕಾದ ಜಾಗವನ್ನು ಬಿಟ್ಟುಕೊಳ್ಳುತ್ತದೆ. ಯಂತ್ರಕ್ಕೆ ಅದನ್ನು ನಾವು ಹೇಳಿಕೊಡಬೇಕು.

ದಪ್ಪ ಅಕ್ಷರವನ್ನು ಇಡೀ ಹಾಳೆಗೆ ಬಳಸಬೇಡಿ. ಎಲ್ಲ ಕ್ಯಾನುಗಳಿಗೂ ಕೆಂಪು ಬಣ್ಣ ಬಳಿದರೆ ತನ್ನ ಕ್ಯಾನು ಯಾವುದೆಂದು ಗುರುತು ಸಿಗುವುದಿಲ್ಲ. ಅದಲ್ಲದೆ ನಮ್ಮ ಮಹಾಪ್ರಾಣದ ಗುರುತು ಎಷ್ಟು ಚಿಕ್ಕದು ನೋಡಿ: ದಕಾರದ ಅಡಿಯಲ್ಲಿ ಒಂದು ಸೀಳು ಬಿದ್ದರೆ ಧಕಾರ. ದಪ್ಪಕ್ಷರವನ್ನು ಚಿಕ್ಕ ಅಳತೆಯಲ್ಲಿ, ಶಾಯಿ ಹರಡುವ ಕಾಗದದ ಮೇಲೆ ಮುದ್ರಿಸಿದರೆ ಆ ಸೀಳು ಮುಚ್ಚಿಹೋಗಿ "ಧನ" ಹೋಗಿ "ದನ" ಆಗುತ್ತದೆ. ಒಮ್ಮೆ ನಾನೇ ಜೋಡಿಸಿದ ಕರಪತ್ರದಲ್ಲಿ ಧನಸಹಾಯ ಮಾಡಿದ ದಾನಿಗಳೆಲ್ಲರೂ ದನಸಹಾಯ ಮಾಡಿದವರಂತೆ ಅಚ್ಚಾಗಿ, ಸಮಾರಂಭದಲ್ಲಿ ನಗೆಪಾಟಲಾಗಿತ್ತು. ನಿಮ್ಮ ಡೇರಿಯಲ್ಲಿ ಎರಡೂ ಪದಗಳಿಗೆ ಕೆಲಸವಿರುವುದರಿಂದ ಹುಷಾರು.

ಕೊನೆಯದಾಗಿ ಅಳತೆ. ಬೋರ್ಡ್ ಬರೆಯುವವರಲ್ಲಿ ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ ಎಂಬ ಲೆಕ್ಕವಿದೆ. ನಿಮ್ಮ ಸಾಲಿನಲ್ಲಿ ನಿಂತವರು ಐದಡಿ ದೂರದಲ್ಲಿದ್ದಾರೆ ಎಂದುಕೊಂಡರೆ ತಲೆಬರಹಕ್ಕೆ ಅರ್ಧ ಅಂಗುಲ, ಅಂದರೆ 36 ಪಾಯಿಂಟ್ ಎತ್ತರ ಬೇಕು. ಆದರೆ ಫಾಂಟಿನ ಅಳತೆ ಎಂದರೆ ಅಕ್ಷರದ ಎತ್ತರವಲ್ಲ. ಅದು ಮೇಲಿನ ಗುಣಿತಕ್ಕೂ ಕೆಳಗಿನ ಒತ್ತಿಗೂ ಜಾಗ ಸೇರಿಸಿದ ಮೊಳೆಯ ಮೈ ಅಳತೆ. ಮೂಲಾಕ್ಷರ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿರಬಹುದು, ಅಷ್ಟೇ. ಆದ್ದರಿಂದ ತಲೆಬರಹವನ್ನು 60ರಿಂದ 70 ಪಾಯಿಂಟಿನಲ್ಲಿ ಹಾಕಿ. ಎ4 ಹಾಳೆಯ ಅಗಲ 210 ಮಿಲಿಮೀಟರ್. ಆ ಅಳತೆಯಲ್ಲಿ ಒಂದು ಸಾಲಿಗೆ ಎಂಟೊಂಬತ್ತು ಅಕ್ಷರಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಹಿಡಿಯದಿರುವುದೇ ಒಳ್ಳೆಯದು, ಏಕೆಂದರೆ ಆಗ ಯಾವ ಎಂಟು ಅಕ್ಷರ ಬೇಕೆಂದು ಯೋಚಿಸಲೇಬೇಕಾಗುತ್ತದೆ.

ಉತ್ತರ 2: ಅರ್ಕಾವತ್ತು

ಹಿರಿಯರು ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ. ನಾನು ವೆಬ್ ತಾಣಗಳಿಗೆ ಕನ್ನಡ ಅಕ್ಷರ ಕೂರಿಸುವ ಕೆಲಸ ಮಾಡುವವನು; ಕಂಪ್ಯೂಟರಿನ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ.

ದಪ್ಪ ಅಕ್ಷರದಲ್ಲಿ ಎರಡು ಜಾತಿಯಿವೆ. ಫಾಂಟ್ ರಚಿಸಿದವರೇ ದಪ್ಪ ರೂಪವನ್ನು ಬೇರೆಯಾಗಿ ಬರೆದಿದ್ದರೆ ಅಕ್ಷರದ ಒಳಗಿನ ಬಯಲು, ಮಹಾಪ್ರಾಣದ ಸೀಳು ಎಲ್ಲವನ್ನೂ ಅಗಲಿಸಿ ಕೊಟ್ಟಿರುತ್ತಾರೆ. ಅಂಥ ರೂಪವಿಲ್ಲದ ಫಾಂಟಿಗೆ ನಾವು ದಪ್ಪದ ಗುಂಡಿ ಒತ್ತಿದರೆ ತಂತ್ರಾಂಶವು ಇದ್ದ ಅಕ್ಷರಕ್ಕೇ ಮಸಿ ಬಳಿದು ಉಬ್ಬಿಸುತ್ತದೆ. ಹಿರಿಯರ "ದನಸಹಾಯ" ಹುಟ್ಟುವುದು ಈಗ ಹೆಚ್ಚಾಗಿ ಈ ಹುಸಿ ದಪ್ಪದಿಂದ. ಇಟಾಲಿಕ್ ಗುಂಡಿಯ ಕಥೆಯೂ ಇದೇ: ಕನ್ನಡಕ್ಕೆ ಓರೆ ಅಕ್ಷರದ ಪರಂಪರೆ ಇಲ್ಲದ್ದರಿಂದ ಗುಂಡಿ ಒತ್ತಿದಾಗ ಸಿಗುವುದು ಹೆಚ್ಚಾಗಿ ಗಾಳಿಗೆ ವಾಲಿದ ನೇರ ಅಕ್ಷರ ಮಾತ್ರ.

ಫಾಂಟುಗಳಲ್ಲಿ ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ ಎರಡೂ ನಿಮ್ಮ ಕೆಲಸಕ್ಕೆ ಹೊಂದುತ್ತವೆ. ಎರಡೂ ಉಚಿತ, ಎರಡರಲ್ಲೂ ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಿವೆ; ಅನೇಕ್‌ನಲ್ಲಿ ಅಗಲವನ್ನೂ ಹಿಗ್ಗಿಸಿ ಕುಗ್ಗಿಸಬಹುದಾದ್ದರಿಂದ ಸದಸ್ಯರ ಹೆಸರಿನ ಪಟ್ಟಿಯಂಥ ಇಕ್ಕಟ್ಟಿನ ಜಾಗಕ್ಕೆ ಅನುಕೂಲ. ಬಾಲೂ ತಮ್ಮ ಎಂಬ ಗುಂಡುಗುಂಡಾದ ಫಾಂಟ್ ತಲೆಬರಹಕ್ಕೆ ಚೆಂದ, ಹತ್ತು ಸಾಲು ಓದಲು ಆಯಾಸ. ಟಿರೊ ಕನ್ನಡ ಪುಸ್ತಕಕ್ಕೆ ಒಪ್ಪುವ ಅಕ್ಷರ. ವಾರ್ಷಿಕ ಮಹಾಸಭೆಯ ವರದಿ ಅಚ್ಚು ಹಾಕಿಸುವಾಗ ನೆನಪಿಟ್ಟುಕೊಳ್ಳಿ. ಒಂದು ಹಾಳೆಗೆ ಒಂದೇ ಫಾಂಟ್ ಸಾಕು. ಎರಡನೆಯದು ಬೇಕೆನ್ನಿಸಿದಾಗ ಮೊದಲು ಅದೇ ಫಾಂಟಿನ ಇನ್ನೊಂದು ತೂಕವನ್ನೋ ಅಳತೆಯನ್ನೋ ಹಾಕಿ ನೋಡಿ.

ನೀವು ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟು) ಟೈಪ್ ಮಾಡುತ್ತಿದ್ದರೆ ಯೂನಿಕೋಡಿಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ವ್ಯವಸ್ಥೆಗೆ ಬನ್ನಿ ಎಂದು ಕೇಳಿಕೊಳ್ಳುತ್ತೇನೆ. ಆ ಫಾಂಟುಗಳಲ್ಲಿ ಒತ್ತು ಎಂಬುದು ಕಂಪ್ಯೂಟರಿನ ಪಾಲಿಗೆ ಬಿಡಿ ಅಕ್ಷರ. ಎರಡೂ ಅಂಚಿಗೆ ಸಮ ಮಾಡಲು ತಂತ್ರಾಂಶವು ಅಕ್ಷರಗಳನ್ನು ಎಳೆದಾಗ ಒತ್ತು ತನ್ನ ಮೂಲಾಕ್ಷರವನ್ನು ಬಿಟ್ಟು ಪಕ್ಕಕ್ಕೆ ಸರಿಯುತ್ತದೆ, ಕೆಲವೊಮ್ಮೆ ಸಾಲು ಮುರಿದು ಕೆಳಗಿನ ಸಾಲಿನ ಮೊದಲಲ್ಲಿ ಅನಾಥವಾಗಿ ಕೂರುತ್ತದೆ. ಅದೇ ಪಠ್ಯವನ್ನು ಸದಸ್ಯರ ವಾಟ್ಸಾಪ್ ಗುಂಪಿಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ, ದೃಷ್ಟಿಹೀನರ ಫೋನು ಅದನ್ನು ಓದಿ ಹೇಳಲಾರದು. ಯೂನಿಕೋಡ್ ಬಳಸಿದರೂ ವಿನ್ಯಾಸದ ಕೆಲವು ತಂತ್ರಾಂಶಗಳಲ್ಲಿ ಒತ್ತು ಕೂಡಿಕೊಳ್ಳದೆ ಅರ್ಧಾಕ್ಷರಗಳು ಸಾಲಾಗಿ ನಿಂತುಬಿಡುತ್ತವೆ. ಇನ್‌ಡಿಸೈನ್‌ನಲ್ಲಾದರೆ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಚಾಲೂ ಮಾಡಬೇಕು. ಫ್ಲೆಕ್ಸ್ ಅಂಗಡಿಯಲ್ಲಿ ಕುಳಿತು ತಿದ್ದಿಸುವಾಗ ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ದಿನ ಉಳಿಯುತ್ತದೆ.

ಅಂಕಿಗಳ ಕಡೆ ಯಾರೂ ನೋಡುವುದಿಲ್ಲ. ವರ್ಡ್‌ನಲ್ಲಾಗಲಿ ಲಿಬ್ರೆ ಆಫೀಸ್‌ನಲ್ಲಾಗಲಿ ಕನ್ನಡಕ್ಕೆ ಒಂದು ಫಾಂಟ್, ಇಂಗ್ಲಿಷ್ ಅಕ್ಷರ ಮತ್ತು 1, 2, 3 ಅಂಕಿಗಳಿಗೆ ಇನ್ನೊಂದು ಫಾಂಟ್ ಬೇರೆಯಾಗಿ ನಿಗದಿಯಾಗಿರುತ್ತದೆ. ಕನ್ನಡದ ಅಳತೆ ಬದಲಿಸಿದರೂ ಅಂಕಿ ಹಾಗೇ ಉಳಿದು "ಬೆಳಿಗ್ಗೆ" ದೊಡ್ಡದಾಗಿ, "7" ಇರುವೆಯಷ್ಟಾಗಿ ಕಾಣುವುದು ಇದರಿಂದಲೇ. ನೀವು ಹೇಳಬೇಕಾದ್ದು ಆ 7ನ್ನೇ ಅಲ್ಲವೇ?

ಸಾಲಿನ ಅಂತರಕ್ಕೆ "ಒಂದೂವರೆ ಪಟ್ಟು" ಎಂಬ ಸಿದ್ಧ ಆಯ್ಕೆಯನ್ನು ನಂಬಬೇಡಿ. ಅದು ಅಕ್ಷರದ ಅಳತೆಯ ಒಂದೂವರೆಯಲ್ಲ, ಫಾಂಟಿನೊಳಗೆ ಮೊದಲೇ ಬರೆದಿಟ್ಟ ಅಂತರದ ಒಂದೂವರೆ. ಕನ್ನಡದ ಹಲವು ಫಾಂಟುಗಳಲ್ಲಿ ಆ ಅಂತರ ಮೊದಲೇ ಧಾರಾಳವಾಗಿರುವುದರಿಂದ ಸಾಲುಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ದೂರ ಸರಿಯುತ್ತವೆ. ಪಾಯಿಂಟಿನಲ್ಲೇ ಲೆಕ್ಕ ಕೊಡಿ. 24 ಪಾಯಿಂಟ್ ಅಕ್ಷರಕ್ಕೆ 36.

ಬಣ್ಣದ ವಿಷಯದಲ್ಲಿ ಒಂದು ಲೆಕ್ಕ ಹೇಳಿ ಮುಗಿಸುತ್ತೇನೆ. ವೆಬ್ ಪುಟಗಳ ಸುಗಮ್ಯತೆಯ ಮಾರ್ಗಸೂಚಿಯಲ್ಲಿ ಸಾಮಾನ್ಯ ಅಳತೆಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಬೆಳಕಿನ ವ್ಯತ್ಯಾಸವಿರಬೇಕು ಎಂದಿದೆ. ಬಿಳಿಯ ಮೇಲೆ ಕಪ್ಪು 21ಕ್ಕೆ 1. ಬಿಳಿಯ ಮೇಲೆ ಅಚ್ಚ ಕೆಂಪು ಸುಮಾರು 4ಕ್ಕೆ 1 ಮಾತ್ರ. ಗಮನ ಸೆಳೆಯಲೆಂದು ಕೆಂಪು ಮಾಡಿದ ದಿನಾಂಕವೇ ನಿಮ್ಮ ಹಾಳೆಯಲ್ಲಿ ಕಪ್ಪು ಅಕ್ಷರಗಳಿಗಿಂತ ಮಂಕಾಗಿತ್ತು. ಬೆಳಗಿನ ಜಾವ ಒಂದು ಬಲ್ಬಿನ ಬೆಳಕಿನಲ್ಲಿ ಅದು ಇನ್ನೂ ಮಂಕು.

ಡೇರಿ ಕಾರ್ಯದರ್ಶಿ

ಇಬ್ಬರಿಗೂ ಬಹಳ ಧನ್ಯವಾದ, ಧಕಾರದ ಸೀಳನ್ನು ನೋಡಿಕೊಂಡೇ ಟೈಪ್ ಮಾಡುತ್ತಿದ್ದೇನೆ. ಹಳೆಯ ಹಾಳೆಯನ್ನು ತೆಗೆದು ನೋಡಿದೆ. "ಕಡ್ಡಾಯ" ಹಿರಿಯರು ಹೇಳಿದ ಹಾಗೆಯೇ ಕಡಿದುಹೋಗಿದೆ. ಐದು ದಿನ ಅದರ ಪಕ್ಕದಲ್ಲೇ ಕುಳಿತಿದ್ದರೂ ನನಗೆ ಕಂಡಿರಲಿಲ್ಲ.

ನಿನ್ನೆ ಸಂಜೆ ಸಾಲು ನಿಂತಾಗ ಗಡಿಯಾರ ನೋಡಿದೆ. ಒಬ್ಬೊಬ್ಬರೂ ಹಾಳೆಯ ಎದುರಿಗೆ ನಿಲ್ಲುವುದು ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕೈಯಲ್ಲಿ ಕ್ಯಾನು ಇರುವುದರಿಂದ ಹತ್ತಿರ ಬಾಗಿ ಓದುವವರೂ ಇಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ಚೌಕಟ್ಟು, ಬಣ್ಣ, ಅಡಿಗೆರೆ ಎಲ್ಲವನ್ನೂ ತೆಗೆದು, ನೋಟೊ ಸ್ಯಾನ್ಸ್ ಕನ್ನಡದಲ್ಲಿ ಹೀಗೆ ಮಾಡಿದ್ದೇನೆ:

ಶನಿವಾರ ಲಸಿಕೆ
ಮಾರ್ಚ್ 14, ಬೆಳಿಗ್ಗೆ 7ರಿಂದ 10
ಶಾಲೆಯ ಹಿಂದಿನ ಬಯಲು

ಹಸು, ಎಮ್ಮೆ, ನಾಲ್ಕು ತಿಂಗಳು ತುಂಬಿದ ಕರು ಎಲ್ಲವನ್ನೂ ಹೊಡೆದುಕೊಂಡು ಬನ್ನಿ. ಕಿವಿಯೋಲೆ ಇಲ್ಲದ ದನಗಳಿಗೆ ಅಲ್ಲೇ ಓಲೆ ಹಾಕುತ್ತಾರೆ. ಗಬ್ಬದ ದನವಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಮೊದಲ ಸಾಲು 66 ಪಾಯಿಂಟ್ ದಪ್ಪ, ಮುಂದಿನ ಎರಡು 40, ಉಳಿದದ್ದು 24. ಸಂಘದ ಹೆಸರು ಎಲ್ಲಕ್ಕಿಂತ ಕೆಳಗೆ, ಚಿಕ್ಕದಾಗಿ. ಇದನ್ನು ಅಧ್ಯಕ್ಷರಿಗೆ ತೋರಿಸಿದಾಗ ಎರಡು ಆಕ್ಷೇಪ ಬಂದವು. ಸಂಘದ ಹೆಸರು ಕೆಳಗಿರುವುದು ಮರ್ಯಾದೆಯಲ್ಲ ಎಂಬುದು ಒಂದು, ಕನ್ನಡ ಸಂಘದ ಹಾಳೆಯಲ್ಲಿ ಕನ್ನಡ ಅಂಕಿಯೇ ಇರಬೇಕು ಎಂಬುದು ಇನ್ನೊಂದು. ಏನು ಹೇಳಲಿ?

ಉತ್ತರ 3: ಕರಡು ತಿದ್ದುವವಳು

ಕಾರ್ಯದರ್ಶಿಗಳೇ, ಹಾಳೆ ತುಂಬ ಸುಧಾರಿಸಿದೆ. ಆದರೆ ಇಪ್ಪತ್ತು ವರ್ಷ ಕರಡು ತಿದ್ದಿದ ಕಣ್ಣಿಗೆ ಮೊದಲ ಸಾಲಿನಲ್ಲೇ ಒಂದು ಅಪಾಯ ಕಾಣುತ್ತಿದೆ. "ಶನಿವಾರ ಲಸಿಕೆ", "ಶಾಲೆಯ ಹಿಂದಿನ ಬಯಲು" ಎಂಬ ಎರಡನ್ನು ಐದಡಿ ದೂರದಿಂದ ಓದಿದ ತಾಯಿಯೊಬ್ಬಳು ಶನಿವಾರ ಮಗುವನ್ನು ಎತ್ತಿಕೊಂಡು ಬರುತ್ತಾಳೆ! ಯಾರಿಗೆ ಲಸಿಕೆ ಎಂಬುದು 24 ಪಾಯಿಂಟಿನಲ್ಲಿ ಅಡಗಿದೆ. ತಲೆಬರಹವನ್ನು "ರಾಸುಗಳಿಗೆ ಲಸಿಕೆ" ಎಂದು ಬದಲಿಸಿ. ಹಿರಿಯರು ಹೇಳಿದ ಎಂಟು ಅಕ್ಷರಗಳ ಮಿತಿಯೊಳಗೇ ಇದೆ. ಶನಿವಾರ ಎರಡನೆಯ ಸಾಲಿಗೆ ಇಳಿಯಲಿ. ಕೆಳಗಿನ ವಾಕ್ಯಗಳಲ್ಲೂ "ದನ"ದ ಬದಲು "ರಾಸು" ಎಂದೇ ಬರೆಯಿರಿ. ಎಮ್ಮೆಯೂ ಅದರಲ್ಲಿ ಸೇರುತ್ತದೆ, ಧಕಾರದ ಗೊಡವೆಯೂ ತಪ್ಪುತ್ತದೆ.

ಸಾಲು ಮುರಿಯುವುದನ್ನು ತಂತ್ರಾಂಶಕ್ಕೆ ಬಿಡಬೇಡಿ, ಮಾತು ಎಲ್ಲಿ ನಿಲ್ಲುತ್ತದೋ ಅಲ್ಲಿ ನೀವೇ ಮುರಿಯಿರಿ. "ನಾಲ್ಕು ತಿಂಗಳು" ಒಂದು ಸಾಲಿನ ತುದಿಯಲ್ಲಿದ್ದು "ತುಂಬಿದ ಕರು" ಮುಂದಿನ ಸಾಲಿಗೆ ಹೋದರೆ ಓದುವವರಿಗೆ ಕ್ಷಣಕಾಲ ಗೊಂದಲವಾಗುತ್ತದೆ. ಅರ್ಧ ನಿಮಿಷದಲ್ಲಿ ಆ ಕ್ಷಣವೂ ಲೆಕ್ಕಕ್ಕೆ ಬರುತ್ತದೆ. ಮೂರು ಸೂಚನೆಗಳನ್ನು ಒಂದೇ ಪರಿಚ್ಛೇದವಾಗಿಸಿದ್ದೀರಿ, ಅವನ್ನು ಮೂರು ಸಾಲಾಗಿ ಬಿಡಿಸಿ ನಡುವೆ ಸ್ವಲ್ಪ ಉಸಿರು ಬಿಡಿ. ಎರಡೂ ಅಂಚಿಗೆ ಸಮ ಮಾಡುವ ಆಸೆ ಬೇಡವೇ ಬೇಡ. "ಹಾಕಿಸಿಕೊಳ್ಳಬೇಕಾಗಿರುವುದರಿಂದ" ಎಂಬಂಥ ಉದ್ದುದ್ದ ಪದಗಳು ನಮ್ಮ ಭಾಷೆಯಲ್ಲಿ ಸಹಜ. ಅಂಥದ್ದೊಂದು ಕೆಳಗಿನ ಸಾಲಿಗೆ ಜಾರಿದರೆ ಮೇಲಿನ ಸಾಲಿನಲ್ಲಿ ಉಳಿದ ಮೂರು ಪದಗಳು ಮೂರು ಊರಿನಲ್ಲಿ ನಿಂತಂತಾಗುತ್ತದೆ. ಎಡಕ್ಕೆ ಒತ್ತರಿಸಿ, ಬಲ ಅಂಚು ಏರುಪೇರಾಗಿರಲಿ.

ಹತ್ತಿರವಿರುವುದನ್ನು ಕಣ್ಣು ಒಂದೇ ಗುಂಪೆಂದು ಎಣಿಸುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರ್ 1923ರ ಲೇಖನದಲ್ಲಿ ಬರೀ ಚುಕ್ಕಿಗಳನ್ನಿಟ್ಟು ಇದನ್ನು ತೋರಿಸಿದ್ದರು. ನಿಮ್ಮ ಹಾಳೆಯಲ್ಲಿ ಯಾವುದಕ್ಕೆ, ಯಾವಾಗ, ಎಲ್ಲಿ ಎಂಬ ಮೂರು ಸಾಲು ಒಂದಕ್ಕೊಂದು ಅಂಟಿಕೊಂಡಿರಲಿ, ಅವುಗಳ ಕೆಳಗೆ ಬೆರಳಗಲದ ಬಯಲು ಇರಲಿ, ಆಮೇಲೆ ಸೂಚನೆಗಳು ಬರಲಿ. ಆ ಬಯಲನ್ನು ನೋಡಿ ಜಾಗ ವ್ಯರ್ಥವಾಯಿತೆಂದು ಯಾರಾದರೂ ಖಂಡಿತ ಹೇಳುತ್ತಾರೆ, ಒಪ್ಪಬೇಡಿ.

ಅಧ್ಯಕ್ಷರ ಮೊದಲ ಆಕ್ಷೇಪಕ್ಕೆ ನನ್ನ ಬಳಿ ರಾಜಿಸೂತ್ರವಿದೆ. ಸಂಘದ ಹೆಸರನ್ನು ಮೇಲೆಯೇ ಇಡಿ, ಆದರೆ 18 ಪಾಯಿಂಟಿನಲ್ಲಿ, ತೆಳು ಅಕ್ಷರದಲ್ಲಿ. ಮೇಲಿರುವುದರಿಂದ ಮರ್ಯಾದೆ ಉಳಿಯುತ್ತದೆ, ಕಣ್ಣು ಅದನ್ನು ದಾಟಿಕೊಂಡು ದೊಡ್ಡಕ್ಷರಕ್ಕೆ ಹೋಗುತ್ತದೆ. ಕನ್ನಡ ಅಂಕಿಗಳ ಬಗ್ಗೆ ನನಗೆ ಅಭಿಮಾನವಿದೆ, ಆದರೆ ೬ ಮತ್ತು ೯ ದೂರದಿಂದ ಒಂದರಂತೆ ಇನ್ನೊಂದು ಕಾಣುತ್ತವೆ, ಸೊನ್ನೆ ಅನುಸ್ವಾರದಂತೆ ಕಾಣುತ್ತದೆ. ರಾಸುಗಳ ಕಿವಿಗೆ ಹಾಕುವ ಗುರುತಿನ ಓಲೆಯ ಹನ್ನೆರಡು ಅಂಕಿಗಳೂ 1, 2, 3ರಲ್ಲೇ ಇರುತ್ತವೆ. ಯಾವುದನ್ನು ಆರಿಸಿದರೂ ಎರಡನ್ನು ಬೆರೆಸಬೇಡಿ. ಜಗಳವೇ ಬೇಡವೆಂದರೆ "ಬೆಳಿಗ್ಗೆ ಏಳರಿಂದ ಹತ್ತು" ಎಂದು ಅಕ್ಷರದಲ್ಲೇ ಬರೆದುಬಿಡಿ.

ಮೊಳೆ ಜೋಡಿಸಿದವ

ತಂಗಿ ಹೇಳಿದ್ದರಲ್ಲಿ ಕೊನೆಯ ಮಾತೊಂದನ್ನು ಒಪ್ಪಲಾರೆ. ಗುಂಡಗಿನ ಕನ್ನಡ ಅಕ್ಷರಗಳ ನಡುವೆ 7, 10, 14 ಎಂಬ ಕಡ್ಡಿಯಂಥ ಅಂಕಿಗಳು ಎದ್ದು ಕಾಣುತ್ತವೆ. ಹೊತ್ತು ಎಷ್ಟೆಂದು ಹುಡುಕುವ ಕಣ್ಣು ಓದದೆಯೇ ಅವನ್ನು ಹಿಡಿಯುತ್ತದೆ. ಬಣ್ಣ, ಗೆರೆ ಏನೂ ಇಲ್ಲದೆ ಪುಕ್ಕಟೆಯಾಗಿ ಸಿಗುವ ಈ ಒತ್ತನ್ನು ಅಕ್ಷರದಲ್ಲಿ ಬರೆದು ಕಳೆದುಕೊಳ್ಳುವುದು ಏಕೆ? ಲಗ್ನಪತ್ರಿಕೆಗೆ ಅಕ್ಷರದಲ್ಲಿ ಬರೆಯುವುದು ಶೋಭೆ, ಡೇರಿಯ ಗೋಡೆಗೆ ಅಂಕಿಯೇ ಇರಲಿ. ಬೇಕಾದರೆ ಅಧ್ಯಕ್ಷರನ್ನು ಎರಡೂ ಹಾಳೆಗಳ ಮುಂದೆ ಐದಡಿ ದೂರದಲ್ಲಿ, ಕನ್ನಡಕವಿಲ್ಲದೆ ನಿಲ್ಲಿಸಿ ನೋಡಿ.

ಡೇರಿ ಕಾರ್ಯದರ್ಶಿ

ಹಾಗೆಯೇ ನಿಲ್ಲಿಸಿದೆ, ಕನ್ನಡಕ ತೆಗೆಸುವ ಧೈರ್ಯ ಮಾತ್ರ ಆಗಲಿಲ್ಲ. ಅಂಕಿಯ ಹಾಳೆಯೇ ಗೆದ್ದಿತು. ಸಂಘದ ಹೆಸರು 18 ಪಾಯಿಂಟಿನಲ್ಲಿ ಮೇಲೆ ಕೂತಿದೆ, ಅದಕ್ಕೆ ಅವರು ತಲೆಯಾಡಿಸಿದರು. ತಲೆಬರಹವನ್ನು "ರಾಸುಗಳಿಗೆ ಲಸಿಕೆ" ಎಂದು ಬದಲಿಸಿ ಸೋಮವಾರ ಬೆಳಿಗ್ಗೆ ಅಂಟಿಸಿದೆ.

ಆ ವಾರದಲ್ಲಿ ಕಿಟಕಿಗೆ ಬಂದು ಹೊತ್ತು ಎಷ್ಟೆಂದು ಕೇಳಿದವರು ಇಬ್ಬರೇ. ಒಬ್ಬರು ಹಾಲು ಹಾಕಲು ಆ ದಿನವಷ್ಟೇ ಬಂದಿದ್ದ ನೆಂಟರು, ಸಾಲಿನ ಕೊನೆಯಿಂದ ಕೂಗಿ ಕೇಳಿದರು. ಇನ್ನೊಬ್ಬರು ಅದೇ ಲೆಕ್ಕದ ಕಾಗದದ ಹಿರಿಯರು. ಅವರಿಗೆ ಅಂಕಿ ಮಾತ್ರ ಗೊತ್ತು, ಅಕ್ಷರ ಓದಲು ಬಾರದು ಎಂಬುದು ಇಷ್ಟು ವರ್ಷ ಅವರ ಹಾಲು ಅಳೆದ ನನಗೆ ಅಂದೇ ತಿಳಿದದ್ದು. "ಈ ಹದಿನಾಲ್ಕು ಏನು, ಏಳು ಹತ್ತು ಏನು?" ಎಂದು ಹಾಳೆಯ ಮೇಲೆ ಬೆರಳಿಟ್ಟು ಕೇಳಿದರು. ಮೂರು ಸಾಲನ್ನು ಓದಿ ಹೇಳಿದೆ. ಶನಿವಾರ ಏಳಕ್ಕೆ ಮೊದಲೇ ಎರಡು ಹಸು ಹೊಡೆದುಕೊಂಡು ಬಂದಿದ್ದರು.

ಇನ್ನೊಂದು ಸಹಾಯ ಬೇಕು. ಬಟವಾಡೆಯ ಪಟ್ಟಿಯನ್ನೂ ಇದೇ ಗೋಡೆಗೆ ಹಾಕುತ್ತೇನೆ. ಸದಸ್ಯರ ಸಂಖ್ಯೆ, ಹೆಸರು, ಲೀಟರು, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ), ದರ, ಮೊತ್ತ ಎಂದು ಏಳು ಕಾಲಂ, ಎಲ್ಲಕ್ಕೂ ನಾಲ್ಕು ಕಡೆ ಗೆರೆ, ಎಲ್ಲವೂ ನಡುವಿಗೆ. ತಮ್ಮ ಸಾಲು ಹುಡುಕುವುದೇ ಜನರಿಗೆ ಕಷ್ಟವಾಗಿದೆ.

ಅರ್ಕಾವತ್ತು

ನಡುವಿಗೆ ಕೂರಿಸಿದ್ದೇ ಮೊದಲ ತೊಂದರೆ. ಹೆಸರುಗಳನ್ನು ಎಡಕ್ಕೆ, ಅಂಕಿಗಳನ್ನು ಬಲಕ್ಕೆ ಒತ್ತರಿಸಿ, ಪ್ರತಿ ಕಾಲಂನಲ್ಲೂ ದಶಾಂಶದ ನಂತರ ಒಂದೇ ಸಮನೆ ಅಂಕಿಗಳಿರಲಿ. ಒಂದೆಡೆ 4, ಇನ್ನೊಂದೆಡೆ 3.85 ಎಂದು ಬರೆಯದೆ 4.00 ಎಂದೇ ಬರೆಯಿರಿ, ಆಗ ಚುಕ್ಕಿಗಳು ಒಂದರ ಕೆಳಗೊಂದು ಬಂದು ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದು ತಾನಾಗಿ ಕಾಣುತ್ತದೆ. ಎಲ್ಲ ಅಂಕಿಗಳ ಅಗಲವೂ ಒಂದೇ ಇರುವ ಫಾಂಟ್ ಆರಿಸಿ. ನಿಂತ ಗೆರೆಗಳನ್ನೆಲ್ಲ ತೆಗೆದು, ಐದೈದು ಸದಸ್ಯರಿಗೊಮ್ಮೆ ತೆಳುವಾದ ಒಂದು ಅಡ್ಡಗೆರೆ ಎಳೆಯಿರಿ. ಅಡ್ಡಗೆರೆ ಒತ್ತಕ್ಷರಕ್ಕೆ ತಾಗದಂತೆ ಕೆಳಗೆ ಜಾಗ ಬಿಡಲು ಮರೆಯಬೇಡಿ. ದಪ್ಪ ಅಕ್ಷರ ಎರಡು ಕಾಲಂಗಳಿಗೆ ಸಾಕು. ಜನ ತಮ್ಮನ್ನು ಹುಡುಕುವುದು ಸದಸ್ಯರ ಸಂಖ್ಯೆಯಿಂದ, ನೋಡಬೇಕಾದ್ದು ಮೊತ್ತವನ್ನು. ನಿಮ್ಮ ಹಿರಿಯರೂ ಆ ಎರಡನ್ನು ಯಾರನ್ನೂ ಕೇಳದೆ ಓದಿಕೊಳ್ಳಬಲ್ಲರು. ಹಾಳೆಯನ್ನು ಎ3ರಲ್ಲಿ ಅಡ್ಡಲಾಗಿ ಮುದ್ರಿಸಲು ಸಾಧ್ಯವಿದ್ದರೆ, ಹೆಸರುಗಳನ್ನು ತೆಗೆದು ಒಂದು ಮಾದರಿಯನ್ನು ಇಲ್ಲಿ ಹಾಕಿ, ಕಾಲಂಗಳ ಅಗಲವನ್ನು ಲೆಕ್ಕ ಹಾಕಿ ಹೇಳುತ್ತೇನೆ.